ಜಿಮ್ನಿಯನ್ನು ನಾಲ್ಕು ಸೆಂಟಿಮೀಟರ್ ಎತ್ತಿಸಿದ್ದು

ಸ್ಪ್ರಿಂಗಿನ ಮೇಲೆ ಸ್ಪೇಸರ್ ಅನ್ನುವ ದಪ್ಪ ಬಳೆ ಹಾಕಿಸಿದರೆ ಗಾಡಿಯ ಗ್ರೌಂಡ್ ಕ್ಲಿಯರೆನ್ಸ್, ಅಂದರೆ ನೆಲದಿಂದ ಎತ್ತರ, ಜಾಸ್ತಿ ಆಗುತ್ತದೆ ಅನ್ನುವ ಮಾತು ಅರ್ಧ ಮಾತ್ರ ನಿಜ. ಮಾರುತಿ ಸುಜುಕಿಯ ಫೋರ್ ವೀಲ್ ಡ್ರೈವ್ ಗಾಡಿಯಾದ ನಮ್ಮ ಜಿಮ್ನಿಗೆ 40 ಎಂಎಂ ಸ್ಪೇಸರ್ ಹಾಕಿಸಿ, ಒಂದು ಇಡೀ ಮಳೆಗಾಲ ಓಡಿಸಿ ಆಗಿದೆ. ಸಿಕ್ಕವರೆಲ್ಲ "ಹೇಗಿದೆ, ನಾವೂ ಹಾಕಿಸಬಹುದಾ?" ಅಂತ ಕೇಳುತ್ತಿದ್ದಾರೆ. ಹಾಗಾಗಿ ಆ ಕೆಲಸ ಹೇಗೆ ನಡೆಯಿತು, ಏನು ಸಿಕ್ಕಿತು, ಏನು ಸಿಗಲಿಲ್ಲ ಅಂತ ಒಂದೇ ಸಲ ಬರೆದುಬಿಡುತ್ತೇನೆ.

ನಮ್ಮದು ಸಕಲೇಶಪುರದ ಕಡೆ ಕಾಫಿ ತೋಟ. ಟಾರು ರಸ್ತೆಯಿಂದ ಮನೆಗೆ ಬರುವ ದಾರಿ ಪೂರ್ತಿ ಮಣ್ಣಿನದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ದಾರಿಯೂ ಹೌದು, ಹಳ್ಳವೂ ಹೌದು. ಟ್ರ್ಯಾಕ್ಟರ್ ಓಡಾಡಿ ಎರಡು ಕಡೆ ಜಾಡು ಆಳವಾಗುತ್ತದೆ, ನಡುವೆ ಮಣ್ಣಿನ ದಿಣ್ಣೆ ಉಳಿಯುತ್ತದೆ. ಅದು ಸಾಲದು ಅಂತ, ಮಳೆ ನೀರು ದಾರಿಯನ್ನೇ ಕೊಚ್ಚಿಕೊಂಡು ಹೋಗಬಾರದಲ್ಲ, ಏರಿನಲ್ಲಿ ಅಲ್ಲಲ್ಲಿ ನಾವೇ ಅಡ್ಡ ದಿಬ್ಬ ಹಾಕಿರುತ್ತೇವೆ. ಜಿಮ್ನಿಯ ಹೊಟ್ಟೆ ಉಜ್ಜುತ್ತಿದ್ದದ್ದು ಈ ಅಡ್ಡ ದಿಬ್ಬಗಳಿಗೆ.

ಅದಕ್ಕೆ ಕಾರಣವೂ ಇದೆ. ಹೊರದೇಶಗಳಲ್ಲಿ ಮೊದಲಿಂದ ಮಾರುತ್ತಿರುವ ಜಿಮ್ನಿಗೆ ಮೂರು ಬಾಗಿಲು. ಅದರ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ 2,250 ಎಂಎಂ ಅಂತರ. 2023ರ ಜೂನ್‌ನಲ್ಲಿ ನಮ್ಮಲ್ಲಿ ಮಾರಾಟಕ್ಕೆ ಬಂದದ್ದು ಐದು ಬಾಗಿಲಿನದು, ಅದರ ಅಂತರ 2,590. ನೆಲದಿಂದ ಎತ್ತರ ಎರಡಕ್ಕೂ 210 ಎಂಎಂ. ಎತ್ತರ ಅಷ್ಟೇ ಇಟ್ಟು ನಡುವನ್ನು ಉದ್ದ ಮಾಡಿದರೆ ದಿಬ್ಬ ದಾಟುವಾಗ ಹೊಟ್ಟೆ ತಾಗದೆ ಇನ್ನೇನು? ಹೊಟ್ಟೆ ತಾಗದೆ ಎಷ್ಟು ಚೂಪಾದ ದಿಬ್ಬ ದಾಟಬಹುದು ಅನ್ನುವುದಕ್ಕೆ ಬ್ರೇಕ್‌ಓವರ್ ಆಂಗಲ್ ಅಂತ ಒಂದು ಲೆಕ್ಕ ಇದೆ, ಹೆಚ್ಚಿದ್ದಷ್ಟೂ ಒಳ್ಳೆಯದು. ಚಿಕ್ಕ ಜಿಮ್ನಿಗೆ ಅದು 28 ಡಿಗ್ರಿ, ನಮ್ಮದಕ್ಕೆ 24. ಮೂತಿ ತಾಗುವುದಿಲ್ಲ, ಮುಂದಿನ ಕೋನ 36 ಡಿಗ್ರಿ ಇದೆ. ಬಾಲವೂ ತಾಗುವುದಿಲ್ಲ. ತೊಂದರೆ ಇದ್ದದ್ದು ಹೊಟ್ಟೆಯದು ಮಾತ್ರ.

ಏನು ತಾಗುತ್ತಿದೆ ಅಂತ ನೋಡಲು ಗಾಡಿಯಡಿ ಮಲಗಿದೆ. ಗೇರ್‌ಬಾಕ್ಸ್ ಹೊತ್ತ ಅಡ್ಡ ಪಟ್ಟಿಯ ಮೇಲೆ ಹೊಸ ಗೀರುಗಳಿದ್ದವು. ಆಕ್ಸಲ್ ನಡುವೆ ಎಡ ಬಲ ಚಕ್ರಗಳಿಗೆ ಶಕ್ತಿ ಹಂಚುವ ಗೇರುಗಳಿರುವ ಡಿಫರೆನ್ಷಿಯಲ್ ಗುಂಡಿನ ಮೇಲೆ ಮಣ್ಣು ಮೆತ್ತಿತ್ತು, ಪೆಟ್ಟು ಬಿದ್ದಿರಲಿಲ್ಲ. ಸ್ಪೇಸರ್ ಬೇಕೋ ಬೇಡವೋ ಅಂತ ಹೇಳುವುದು ಈ ಗೀರುಗಳೇ. ಗೀರು ಬಾಡಿ ಅಥವಾ ಚಾಸಿಸ್ (ಬಾಡಿ ಹೊತ್ತ ಕಬ್ಬಿಣದ ಚೌಕಟ್ಟು) ಮೇಲಿದ್ದರೆ ಸ್ಪೇಸರ್‌ನಿಂದ ಉಪಯೋಗ ಉಂಟು. ಆಕ್ಸಲ್ ಗುಂಡಿನ ಮೇಲಿದ್ದರೆ ಹತ್ತು ಪೈಸೆಯ ಉಪಯೋಗವೂ ಇಲ್ಲ.

ಯಾಕೆ ಅಂತ ಹೇಳುತ್ತೇನೆ. ಜಿಮ್ನಿಗೆ ಮುಂದೆಯೂ ಹಿಂದೆಯೂ ಇಡೀ ಆಕ್ಸಲ್. ಎಡ ಚಕ್ರದಿಂದ ಬಲ ಚಕ್ರದವರೆಗೆ ಒಂದೇ ಕಬ್ಬಿಣದ ತೊಲೆ. ಅದರ ಮೇಲೆ ಕಾಯಿಲ್ ಸ್ಪ್ರಿಂಗ್, ಸ್ಪ್ರಿಂಗ್ ಮೇಲೆ ಚಾಸಿಸ್. ಸ್ಪೇಸರ್ ಕೂರುವುದು ಸ್ಪ್ರಿಂಗಿಗೂ ಚಾಸಿಸ್‌ಗೂ ನಡುವೆ. ಅದು ಎತ್ತುವುದು ಚಾಸಿಸ್ಸನ್ನು. ಆಕ್ಸಲ್ ಎಲ್ಲಿತ್ತೋ ಅಲ್ಲೇ ಇರುತ್ತದೆ. ಆಕ್ಸಲ್ ಮೇಲೇರಬೇಕಾದರೆ ದೊಡ್ಡ ಟೈರ್ ಬೇಕು, ಬೇರೆ ಸುಲಭದ ದಾರಿ ಇಲ್ಲ. ಕಂಪನಿ ಹೇಳುವ 210 ಎಂಎಂ ಅನ್ನುವುದು ಗಾಡಿಯ ಅತಿ ತಗ್ಗಿನ ಜಾಗದ ಅಳತೆ. ಇಂಥ ಆಕ್ಸಲ್ ಇರುವ ಗಾಡಿಯಲ್ಲಿ ಆ ಜಾಗ ಡಿಫರೆನ್ಷಿಯಲ್ ಗುಂಡು. ಸ್ಪೇಸರ್ ಹಾಕಿದ ಮೇಲೂ ಟೇಪು ಹಿಡಿದರೆ ಅಲ್ಲಿ 210 ಅಂತಲೇ ಬರುತ್ತದೆ. ಆದರೆ ಹೊಟ್ಟೆ 40 ಎಂಎಂ ಮೇಲೆ ಹೋಗಿರುತ್ತದೆ. ನನ್ನ ಲೆಕ್ಕದಲ್ಲಿ ಬ್ರೇಕ್‌ಓವರ್ ಕೋನ ಸುಮಾರು ಮೂರು ಡಿಗ್ರಿ ಹೆಚ್ಚುತ್ತದೆ. ಹೆಚ್ಚೂಕಡಿಮೆ ಚಿಕ್ಕ ಜಿಮ್ನಿಯ ಹತ್ತಿರ ಬಂದ ಹಾಗಾಯಿತು. ನನಗೆ ಬೇಕಿದ್ದದ್ದು ಅಷ್ಟೇ.

ಸ್ಪ್ರಿಂಗನ್ನೇ ಬದಲಾಯಿಸಬಹುದಿತ್ತಲ್ವಾ ಅಂತ ಕೇಳಬಹುದು. ಬದಲಾಯಿಸಬಹುದು. ದಿನಾ ಗೊಬ್ಬರದ ಮೂಟೆ ಹೇರುವವರಿಗೆ, ಮೇಲೆ ಕ್ಯಾರಿಯರ್ ಹಾಕಿ ಟೆಂಟ್ ಕಟ್ಟುವವರಿಗೆ ಗಟ್ಟಿ ಸ್ಪ್ರಿಂಗೇ ಸರಿ. ಸ್ಪೇಸರ್‌ನಿಂದ ಸ್ಪ್ರಿಂಗಿನ ಗಟ್ಟಿತನ ಏನೂ ಬದಲಾಗುವುದಿಲ್ಲ, ಹಿಂದೆ ನಾಲ್ಕು ಮೂಟೆ ಹಾಕಿದರೆ ಮೊದಲು ಎಷ್ಟು ಕೂರುತ್ತಿತ್ತೋ ಈಗಲೂ ಅಷ್ಟೇ ಕೂರುತ್ತದೆ. ನಮ್ಮ ಮೂಟೆಗಳಿಗೆ ಪಿಕಪ್ ಇದೆ. ಜಿಮ್ನಿಯಲ್ಲಿ ಓಡಾಡುವುದು ನಾವು, ನಮ್ಮ ಅಮ್ಮ, ಸಂತೆಯ ಸಾಮಾನು. ಕಂಪನಿ ಸ್ಪ್ರಿಂಗಿನ ಮೆತ್ತಗಿನ ಓಟ ಕಳೆದುಕೊಳ್ಳಲು ಮನಸ್ಸಿರಲಿಲ್ಲ. ಬೇಡ ಅನಿಸಿದರೆ ಬಿಚ್ಚಿಹಾಕಿ ಮೊದಲಿನ ಹಾಗೆ ಮಾಡಬಹುದು ಅನ್ನುವುದೂ ಇತ್ತು.

ಸ್ಪೇಸರ್ ಅಂದರೆ ಒಂದು ದಪ್ಪ ಬಳೆ, ಅಷ್ಟೇ. ಪಾಲಿಯುರೆಥೇನ್, ನೈಲಾನ್, ಅಲ್ಯೂಮಿನಿಯಂ, ಹೀಗೆ ನಾನಾ ಬಗೆ ಸಿಗುತ್ತವೆ. ಲೇತ್‌ನಲ್ಲಿ ಕಡೆಸಿ ತರುವವರೂ ಇದ್ದಾರೆ. ನಾನು ಪಾಲಿಯುರೆಥೇನ್ ತೆಗೆದುಕೊಂಡೆ. ನಮ್ಮ ಕಡೆ ಗಾಡಿ ನಾಲ್ಕು ತಿಂಗಳು ಒಣಗುವುದೇ ಇಲ್ಲ. ಅಲ್ಯೂಮಿನಿಯಂ ಮತ್ತು ಕಬ್ಬಿಣ ಒದ್ದೆಯಲ್ಲಿ ಒಂದಕ್ಕೊಂದು ತಾಗಿಕೊಂಡಿದ್ದರೆ ಅಲ್ಯೂಮಿನಿಯಂ ತಿಂದುಹೋಗುತ್ತದೆ. ರಬ್ಬರಿನದು ಕಾಲಕ್ರಮೇಣ ಚಪ್ಪಟೆಯಾಗುತ್ತದೆ. ಏನೇ ತೆಗೆದುಕೊಂಡರೂ ಎಡ ಬಲದ ಜೋಡಿಯನ್ನು ಅಳೆದು ನೋಡಬೇಕು. ಎರಡೂ ಒಂದೇ ದಪ್ಪ ಇರಬೇಕು, ಸ್ಪ್ರಿಂಗ್ ಕೂರುವ ತೋಡನ್ನು ಸರಿಯಾಗಿ ಕೊರೆದಿರಬೇಕು.

ಹಾಸನದ ಮೆಕ್ಯಾನಿಕ್ ಒಬ್ಬರು ಇಂಥ ಕೆಲಸ ಬಲ್ಲವರು. ಅವರ ಮುಂದೆ ನಾಲ್ಕು ಬಳೆ ಇಟ್ಟಾಗ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. "ಸಾರ್, ಇದನ್ನ ತುರುಕೋದು ಅರ್ಧ ದಿನದ ಕೆಲಸ. ಆಮೇಲೆ ಗಾಡಿ ನೆಟ್ಟಗೆ ಓಡೋ ಹಾಗೆ ಮಾಡೋದೇ ನಿಜವಾದ ಕೆಲಸ. ಶಾಕ್ಸ್ ತಂದಿದ್ದೀರಾ?" ಅಂದರು.

ಶಾಕ್ಸ್ ತಂದಿದ್ದೆ. ಅದು ಯಾಕೆ ಬೇಕು ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಬಹಳ ಜನ ಉಳಿತಾಯ ಮಾಡುವುದು ಇಲ್ಲೇ. ಶಾಕ್ ಅಬ್ಸಾರ್ಬರ್ ಇಂತಿಷ್ಟೇ ಉದ್ದ ಚಾಚುತ್ತದೆ. ಚಕ್ರ ಗುಂಡಿಗೆ ಇಳಿದಾಗ ಎಷ್ಟು ಕೆಳಗೆ ಜೋತುಬೀಳಬಹುದು ಅನ್ನುವುದನ್ನು ತೀರ್ಮಾನಿಸುವುದು ಅದೇ. ಸ್ಪೇಸರ್ ಹಾಕಿ ಗಾಡಿಯನ್ನು 40 ಎಂಎಂ ಎತ್ತಿದಿರಿ ಅಂದರೆ, ಗಾಡಿ ಸುಮ್ನೆ ನಿಂತಾಗಲೇ ಶಾಕ್ಸ್ 40 ಎಂಎಂ ಚಾಚಿಕೊಂಡಿರುತ್ತದೆ. ಗುಂಡಿಗೆ ಇಳಿಯಲು ಉಳಿದದ್ದು ಅಷ್ಟು ಕಡಿಮೆ. ಆಗ ಒಂದು ಚಕ್ರ ಬೇಗ ಗಾಳಿಯಲ್ಲಿ ಎದ್ದುಬಿಡುತ್ತದೆ. ಎದ್ದ ಚಕ್ರ ಸುಮ್ಮನೆ ತಿರುಗುತ್ತದೆ, ಹಿಡಿತ ಇಲ್ಲ. ಜಿಮ್ನಿಯಲ್ಲಿ ಹಾಗೆ ತಿರುಗುವ ಚಕ್ರಕ್ಕೆ ತಾನೇ ಬ್ರೇಕ್ ಹಿಡಿದು ಇನ್ನೊಂದು ಕಡೆಗೆ ಶಕ್ತಿ ಕಳಿಸುವ ವ್ಯವಸ್ಥೆ ಇದೆ, ನಿಜ. ಆದರೂ ನೆಲದ ಮೇಲಿರುವ ಚಕ್ರಕ್ಕೆ ಅದು ಸಮವಲ್ಲ. ಹಳೇ ಶಾಕ್ಸ್‌ನಲ್ಲೇ ಎತ್ತಿಸಿದ ಗಾಡಿಗಳಲ್ಲಿ ಉಬ್ಬು ಇಳಿಯುವಾಗ "ಟಕ್" ಅಂತ ಒಂದು ಪೆಟ್ಟಿನ ಸದ್ದು ಬರುತ್ತದೆ. ಅದು ಶಾಕ್ಸ್ ತನ್ನ ಕೊನೆ ಮುಟ್ಟಿದ ಸದ್ದು.

ಹಾಗಂತ ಉದ್ದನೆಯ ಶಾಕ್ಸ್ ಹಾಕಿದರೆ ಅಲ್ಲಿಗೆ ಮುಗಿಯಲಿಲ್ಲ. ಆಕ್ಸಲ್ ಈಗ ಮೊದಲಿಗಿಂತ ಕೆಳಗೆ ಜೋತುಬೀಳುತ್ತದೆ, ಬ್ರೇಕ್ ಹೋಸ್ ಎಳೆಯುತ್ತದೆ. ಅದಕ್ಕೆ ಹೋಸ್ ಹಿಡಿಯುವ ಬ್ರಾಕೆಟ್ಟನ್ನು ಕೆಳಗಿಳಿಸಬೇಕು ಅಥವಾ ಉದ್ದದ ಹೋಸ್ ಹಾಕಬೇಕು. ಎಬಿಎಸ್ ವೈರಿನ ಕ್ಲಿಪ್ಪಿಗೂ ಅದೇ ಕಥೆ. ಇನ್ನು ಮೇಲ್ಮುಖವಾಗಿ ಬಂದರೆ, ಸ್ಪೇಸರ್ ತಾನು ಕೂತ ಜಾಗವನ್ನು ಸ್ಪ್ರಿಂಗಿನಿಂದ ಕಸಿದುಕೊಂಡಿದೆ. ಆಕ್ಸಲ್ ಪೂರ್ತಿ ಮೇಲೆ ಬಂದು ಬಂಪ್ ಸ್ಟಾಪಿಗೆ (ಆಕ್ಸಲ್ ಇನ್ನೂ ಮೇಲೇರದ ಹಾಗೆ ತಡೆಯುವ ರಬ್ಬರ್ ಗುಬುಟು) ಬಡಿಯುವಷ್ಟರಲ್ಲಿ ಸ್ಪ್ರಿಂಗು ಮೊದಲಿಗಿಂತ 40 ಎಂಎಂ ಹೆಚ್ಚು ಕುಗ್ಗಿರುತ್ತದೆ. ಸುರುಳಿಗೆ ಸುರುಳಿ ತಾಗಿ ಲೋಹಕ್ಕೆ ಲೋಹ ಬಡಿಯಬಹುದು. ಉದ್ದ ಶಾಕ್ಸ್ ಮುದುಡಿದಾಗಲೂ ಹಳೆಯದರಷ್ಟು ಗಿಡ್ಡ ಆಗುವುದಿಲ್ಲ, ಅದರ ತಳ ಒಡೆಯಬಹುದು. ಆದ್ದರಿಂದ ಬಂಪ್ ಸ್ಟಾಪನ್ನೂ ಅಷ್ಟೇ ಕೆಳಗಿಳಿಸಬೇಕು. ಸಾಮಾನಿನ ಪಟ್ಟಿ ಬೆಳೆದದ್ದು ಹೀಗೆ. ನಾಲ್ಕು ಬಳೆಯ ಬೆಲೆ ಒಟ್ಟು ಖರ್ಚಿನಲ್ಲಿ ತೀರಾ ಸಣ್ಣ ಪಾಲು.

ಕೆಲಸ ಹಿಂದಿನಿಂದ ಶುರುವಾಯಿತು. ಮೊದಲು ಸಮತಟ್ಟು ನೆಲದ ಮೇಲೆ ನಿಲ್ಲಿಸಿ ನಾಲ್ಕೂ ಚಕ್ರದ ನಡುಬಿಂದುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ಅಳೆದು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದರು. ಮುಂದಿನ ಚಕ್ರಗಳಿಗೆ ಅಡ್ಡ ಕಟ್ಟೆ. ಚಕ್ರದ ನಟ್‌ಗಳನ್ನು ಗಾಡಿ ನೆಲದ ಮೇಲಿರುವಾಗಲೇ ಸಡಿಲ ಮಾಡಿ, ಆಮೇಲೆ ಎತ್ತಿ, ಚಾಸಿಸ್ ಅಡಿ ಎರಡು ಸ್ಟ್ಯಾಂಡ್ ಕೊಟ್ಟರು. ಬರೀ ಜಾಕಿ ನಂಬಿ ಯಾರೂ ಗಾಡಿಯಡಿ ಕೈ ಹಾಕಬಾರದು ಅನ್ನುವುದು ಆ ಗ್ಯಾರೇಜಿನ ಕಟ್ಟುನಿಟ್ಟು, ಹುಡುಗರಿಗೆ ಅದಕ್ಕೆ ಬೈಗುಳವೂ ಬೀಳುತ್ತಿತ್ತು.

ಆಕ್ಸಲ್ ಅಡಿ ಇನ್ನೊಂದು ಜಾಕಿ. ಶಾಕ್ಸ್‌ನ ಕೆಳಗಿನ ಬೋಲ್ಟ್, ಅಡ್ಡ ರಾಡಿನ ಒಂದು ತುದಿ, ಬ್ರೇಕ್ ಹೋಸಿನ ಬ್ರಾಕೆಟ್ ಬಿಚ್ಚಿ, ಜಾಕಿ ನಿಧಾನವಾಗಿ ಇಳಿಸಿದರೆ ಆಕ್ಸಲ್ ಕೆಳಗೆ ಬರುತ್ತದೆ, ಸ್ಪ್ರಿಂಗು ತಾನೇ ಕೈಗೆ ಬರುತ್ತದೆ. ಸ್ಪ್ರಿಂಗನ್ನು ಒತ್ತಿ ಹಿಡಿಯುವ ಕಂಪ್ರೆಸರ್ ಬೇಕಾಗಲಿಲ್ಲ. ಇಡೀ ಆಕ್ಸಲ್ ಇರುವುದರ ಸುಖ ಇದು. ಎರಡೂ ಕಡೆ ಒಟ್ಟಿಗೇ ಬಿಚ್ಚಬೇಕು. ಒಂದೇ ಕಡೆ ಬಿಚ್ಚಿ ಎಳೆದಾಡಿದರೆ ಆಕ್ಸಲ್ ಓರೆಯಾಗಿ ಬುಷ್‌ಗಳು, ಅಂದರೆ ಕೀಲುಗಳಲ್ಲಿರುವ ರಬ್ಬರ್ ಬಳೆಗಳು, ನರಳುತ್ತವೆ. ಕಂಪನಿಯ ರಬ್ಬರ್ ಸೀಟು, ಅದಕ್ಕೆ ಸ್ಪೇಸರ್, ಅದರ ಕೆಳಗೆ ಸ್ಪ್ರಿಂಗ್. ಕೆಳತುದಿ ತನ್ನ ಸೀಟಿನ ಮೆಟ್ಟಿಲಿಗೆ ಸರಿಯಾಗಿ ತಾಗಿ ಕೂತಿದೆಯಾ ಅಂತ ಕೈಬೆರಳಲ್ಲಿ ಮುಟ್ಟಿ ನೋಡಿ, ಜಾಕಿ ಏರಿಸಿದರು.

ಇಲ್ಲಿಯವರೆಗೆ ಸಲೀಸು. ಅಡ್ಡ ರಾಡಿನ ಬೋಲ್ಟ್ ಹಾಕುವಾಗ ತೂತು ಹೊಂದಲಿಲ್ಲ. ಈ ರಾಡು ಆಕ್ಸಲ್ ಎಡಕ್ಕೋ ಬಲಕ್ಕೋ ಜಾರದ ಹಾಗೆ ಹಿಡಿದಿಡುವುದು, ಲ್ಯಾಟರಲ್ ರಾಡ್ ಅಥವಾ ಪ್ಯಾನ್‌ಹಾರ್ಡ್ ರಾಡ್ ಅನ್ನುತ್ತಾರೆ. ಒಂದು ತುದಿ ಆಕ್ಸಲ್‌ಗೆ, ಇನ್ನೊಂದು ಚಾಸಿಸ್‌ಗೆ. ಚಾಸಿಸ್ ಮೇಲೆ ಹೋದಾಗ ರಾಡು ಇನ್ನಷ್ಟು ಓರೆಯಾಗುತ್ತದೆ, ಅದರ ಅಡ್ಡಳತೆ ಕಮ್ಮಿಯಾಗುತ್ತದೆ. ಹಾಗಾಗಿ ಆಕ್ಸಲ್ ಕೆಲವು ಮಿಲಿಮೀಟರ್ ಪಕ್ಕಕ್ಕೆ ಸರಿಯುತ್ತದೆ. ಬೆಲ್ಟ್ ಹಾಕಿ ಎಳೆದು ತೂತು ಕೂಡಿಸಿದರು. ಹಿಂದಿನಿಂದ ನಿಂತು ನೋಡಿದರೆ ಒಂದು ಕಡೆ ಟೈರ್ ಒಂಚೂರು ಹೊರಗೆ ಕಾಣುತ್ತದೆ. ಉದ್ದ ಹೆಚ್ಚುಕಮ್ಮಿ ಮಾಡಬಹುದಾದ ರಾಡ್ ಹಾಕಿದರೆ ಅದು ಸರಿಹೋಗುತ್ತದೆ. 40 ಎಂಎಂಗೆ ಅದು ಕಡ್ಡಾಯವೇನಲ್ಲ ಅಂತ ನಾನು ಬಿಟ್ಟೆ. ನೋಡುವವರ ಕಣ್ಣಿಗೆ ಬಿದ್ದರೆ ಬೀಳಲಿ.

ಮುಂದಿನ ಆಕ್ಸಲ್‌ಗೂ ಇದೇ ಕ್ರಮ. ಅಲ್ಲಿ ತಿರುವಿನಲ್ಲಿ ಗಾಡಿ ವಾಲದ ಹಾಗೆ ತಡೆಯುವ ರಾಡಿನ ಕೊಂಡಿಯನ್ನೂ (ಸ್ಟೆಬಿಲೈಸರ್ ಲಿಂಕ್) ಬಿಚ್ಚಬೇಕು. ಹೋಸ್ ಬ್ರಾಕೆಟ್ ಇಳಿಸಿದ ಮೇಲೆ, ಚಕ್ರ ಪೂರ್ತಿ ಜೋತಿರುವಾಗ ಸ್ಟಿಯರಿಂಗನ್ನು ಈ ಕೊನೆಯಿಂದ ಆ ಕೊನೆಗೆ ತಿರುಗಿಸಿ, ಹೋಸ್ ಎಲ್ಲಿಯೂ ಬಿಗಿಯಾಗುತ್ತಿಲ್ಲ, ಉಜ್ಜುತ್ತಿಲ್ಲ ಅಂತ ನೋಡಿಕೊಂಡರು.

ಒಂದು ಸಂಗತಿ ನನಗೆ ಬಹಳ ಹಿಡಿಸಿತು. ಬುಷ್ ಇರುವ ಬೋಲ್ಟ್‌ಗಳನ್ನು ಗಾಡಿ ಮೇಲಿರುವಾಗ ಬರೀ ಕೂಡಿಸಿ ಬಿಟ್ಟರು, ಬಿಗಿ ಮಾಡಲಿಲ್ಲ. ಚಕ್ರ ಹಾಕಿ, ಕೆಳಗಿಳಿಸಿ, ಬಂಪರ್ ಮೇಲೆ ನಿಂತು ಗಾಡಿಯನ್ನು ನಾಲ್ಕು ಸಲ ಕುಣಿಸಿ, ಆಮೇಲೆ ಅಡಿಗೆ ಹೋಗಿ ಟಾರ್ಕ್ ಪಾನಾದಲ್ಲಿ ಬಿಗಿ ಮಾಡಿದರು. ಕೇಳಿದ್ದಕ್ಕೆ, "ಮೇಲಿರುವಾಗ ಟೈಟ್ ಮಾಡಿದ್ರೆ ಬುಷ್ ತಿರುಚಿಕೊಂಡೇ ಕೂರುತ್ತೆ ಸಾರ್, ಬೇಗ ಹರಿಯುತ್ತೆ" ಅಂದರು. ರಬ್ಬರ್ ಬುಷ್ ಒಳಗಿನ ಕೊಳವೆ ಬಿಗಿಯಾದ ಮೇಲೆ ತಿರುಗುವುದಿಲ್ಲ, ರಬ್ಬರೇ ತಿರುಚಿಕೊಳ್ಳಬೇಕು. ಗಾಡಿ ಸುಮ್ನೆ ನಿಂತಾಗ ಅದಕ್ಕೆ ತಿರುಚು ಇರಬಾರದು. ಯಾವ ಗ್ಯಾರೇಜಿಗೆ ಹೋದರೂ ಇದೊಂದನ್ನು ಗಮನಿಸಿ. ಮೇಲಿರುವಾಗಲೇ ನಟ್ ಬಿಗಿಯುವ ಗನ್ ಹಿಡಿದು ಕಿರ್ ಕಿರ್ ಅಂತ ಎಲ್ಲ ಬಿಗಿ ಮಾಡುವವರ ಹತ್ತಿರ ಸಸ್ಪೆನ್ಷನ್ ಕೆಲಸ ಬೇಡ.

ಗೋಡೆಯ ಲೆಕ್ಕದ ಪಕ್ಕ ಹೊಸ ಅಳತೆ ಬರೆದರೆ ನಾಲ್ಕೂ ಕಡೆ 40ರ ಆಸುಪಾಸಿಗೇ ಬಂತು. ಸ್ಪೇಸರ್ ಎಷ್ಟು ದಪ್ಪವೋ ಗಾಡಿ ಅಷ್ಟೇ ಏರಿತು.

ಎಲ್ಲ ಗಾಡಿಗೂ ಹೀಗಲ್ಲ. ಪಕ್ಕದ ತೋಟದವರ ಹತ್ತಿರ 2020ರ ನಂತರದ ಥಾರ್ ಇದೆ. ಅದರ ಹಿಂದೆ ಇಡೀ ಆಕ್ಸಲ್, ಮುಂದೆ ಎರಡು ಚಕ್ರವೂ ಬೇರೆ ಬೇರೆ ಆಡುವ ಡಬಲ್ ವಿಶ್‌ಬೋನ್. ಅಲ್ಲಿ ಮುಂದಿನ ಸ್ಪೇಸರ್ ಶಾಕ್ಸ್ ಜೋಡಣೆಯ ತಲೆಯ ಮೇಲೆ ಕೂರುತ್ತದೆ. ಶಾಕ್ಸ್ ಆರ್ಮಿನ ನಡುವೆಲ್ಲೋ ಹಿಡಿದಿರುವುದರಿಂದ ಸ್ಪೇಸರ್‌ನ ದಪ್ಪಕ್ಕಿಂತ ಜಾಸ್ತಿ ಎತ್ತರ ಚಕ್ರದ ಹತ್ತಿರ ಬರುತ್ತದೆ. 40 ಎಂಎಂ ಎತ್ತರ ಬೇಕು ಅಂತ 40 ಎಂಎಂ ಬಳೆ ಹಾಕಿದರೆ ಆಕ್ಸಲ್ ಜಾಯಿಂಟ್, ಬಾಲ್ ಜಾಯಿಂಟ್ ಎರಡೂ ಅತಿಯಾಗಿ ಬಾಗಿ ಬೇಗ ಸವೆಯುತ್ತವೆ. ಹಳೇ ಜಿಪ್ಸಿ ಇರುವವರಿಗಂತೂ ಈ ಬಳೆಯ ಮಾತೇ ಇಲ್ಲ, ಅದಕ್ಕೆ ನಾಲ್ಕೂ ಕಡೆ ಪ್ಲೇಟ್ ಸ್ಪ್ರಿಂಗು. ಅಲ್ಲಿ ಪ್ಲೇಟಿನ ತುದಿ ಹಿಡಿಯುವ ಕೊಂಡಿಯನ್ನು (ಶ್ಯಾಕಲ್) ಉದ್ದ ಮಾಡಬೇಕು, ಇಲ್ಲವೇ ಪ್ಲೇಟ್ ಸೇರಿಸಬೇಕು.

ಗ್ಯಾರೇಜಿನಿಂದ ಹೊರಟು ಬೆಂಗಳೂರು-ಮಂಗಳೂರು ಹೆದ್ದಾರಿಗೆ ಬಿದ್ದ ಕೂಡಲೇ ಮೆಕ್ಯಾನಿಕ್ ಹೇಳಿದ "ನಿಜವಾದ ಕೆಲಸ" ಏನು ಅಂತ ಗೊತ್ತಾಯಿತು. ಮೊದಲನೆಯದು, ಗಾಡಿ ನೇರ ಹೋಗುತ್ತಿದೆ, ಸ್ಟಿಯರಿಂಗ್ ಮಾತ್ರ ಓರೆ. ಸ್ಟಿಯರಿಂಗ್ ಬಾಕ್ಸು ಚಾಸಿಸ್ ಮೇಲಿದೆ, ಅದು ಮೇಲೇರಿದೆ. ಅಲ್ಲಿಂದ ಚಕ್ರಕ್ಕೆ ಹೋಗುವ ರಾಡಿನ ಉದ್ದ ಹಾಗೇ ಇದೆ. ಇದನ್ನು ಹಾಗೇ ಬಿಟ್ಟರೆ ಸ್ಟಿಯರಿಂಗ್ ತಿರುಗಿಸಿದ್ದಾರೆ, ಗಾಡಿ ತಿರುಗುತ್ತಿಲ್ಲ ಅಂತ ಇಎಸ್‌ಪಿ, ಅಂದರೆ ಗಾಡಿ ಜಾರದ ಹಾಗೆ ನೋಡಿಕೊಳ್ಳುವ ಕಂಪ್ಯೂಟರ್, ತಪ್ಪು ತಿಳಿದು ಲೈಟ್ ಹೊತ್ತಿಸಬಹುದು, ಬೇಡದ ಹೊತ್ತಿನಲ್ಲಿ ಬ್ರೇಕ್ ಹಿಡಿಯಲೂಬಹುದು. ರಾಡಿನ ಹೊಂದಿಕೆ ನಟ್ ತಿರುಗಿಸಿ ನೇರ ಮಾಡಿದರೆ ಸರಿ, ಸಣ್ಣ ಕೆಲಸ.

ಎರಡನೆಯದು ಸಣ್ಣದಲ್ಲ. ಎಂಬತ್ತರ ವೇಗದಲ್ಲಿ ಸ್ಟಿಯರಿಂಗ್ ಹಗುರ ಹಗುರ. ತಿರುವು ಮುಗಿದ ಮೇಲೆ ತಾನಾಗಿ ನಡುವಿಗೆ ಬರಲು ಸೋಮಾರಿತನ. ಎದುರಿಂದ ಲಾರಿ ದಾಟಿದರೆ ಗಾಡಿ ಅತ್ತಿತ್ತ ಅಲೆಯುತ್ತದೆ. ಇದು ಕ್ಯಾಸ್ಟರ್ ಕಮ್ಮಿಯಾದ ಲಕ್ಷಣ. ಸೈಕಲ್‌ನ ಮುಂದಿನ ಫೋರ್ಕ್ ಹಿಂದಕ್ಕೆ ವಾಲಿರುತ್ತದೆಯಲ್ಲ, ಕೈ ಬಿಟ್ಟರೂ ಸೈಕಲ್ ನೆಟ್ಟಗೆ ಹೋಗಲು ಆ ವಾಲಿಕೆಯೂ ನೆರವಾಗುತ್ತದೆ. ಕಾರಿನ ಮುಂದಿನ ಚಕ್ರಕ್ಕೂ ಅಂಥ ವಾಲಿಕೆ ಇದೆ. ಜಿಮ್ನಿಯ ಮುಂದಿನ ಆಕ್ಸಲ್ಲನ್ನು ಎರಡು ಉದ್ದ ಆರ್ಮ್‌ಗಳು ಹಿಡಿದಿವೆ. ಚಾಸಿಸ್ ಮೇಲೇರಿದಾಗ ಈ ಆರ್ಮ್‌ಗಳು ಓರೆಯಾಗಿ, ಆಕ್ಸಲ್ಲನ್ನೇ ಸ್ವಲ್ಪ ಮುಂದಕ್ಕೆ ಉರುಳಿಸುತ್ತವೆ. ವಾಲಿಕೆ ಹೋಯಿತು, ನೆಟ್ಟಗೆ ಓಡುವ ಬುದ್ಧಿಯೂ ಹೋಯಿತು. ಜಿಮ್ನಿಗೆ ಮೊದಲೇ ಮುಂದಿನ ಚಕ್ರ ಗಡಗಡ ನಡುಗುವ ಚಾಳಿ ಇದೆ ಅನ್ನುವ ಅಪವಾದ ಉಂಟು. ಕ್ಯಾಸ್ಟರ್ ಕಮ್ಮಿ, ಬ್ಯಾಲೆನ್ಸಿಂಗ್ ಸರಿ ಇಲ್ಲ, ಬುಷ್ ಸವೆದಿದೆ, ಈ ಮೂರೂ ಸೇರಿದರೆ ಅದು ಎದ್ದು ಬರುತ್ತದೆ.

ಪರಿಹಾರ ಅಂದರೆ ಓರೆ ತೂತಿನ ಬುಷ್. ಬುಷ್‌ನ ತೂತು ನಡುವಿನಲ್ಲಿರದೆ ಒಂದು ಪಕ್ಕಕ್ಕೆ ಇರುತ್ತದೆ. ಅದನ್ನು ಆರ್ಮಿಗೆ ಸರಿಯಾದ ದಿಕ್ಕಿನಲ್ಲಿ ಹಾಕಿದರೆ ಆಕ್ಸಲ್ ಮತ್ತೆ ಹಿಂದಕ್ಕೆ ಉರುಳಿಕೊಳ್ಳುತ್ತದೆ. ಮೆಕ್ಯಾನಿಕ್ ಮೊದಲೇ ಹೇಳಿದ್ದರು, ಓಡಿಸಿ ನೋಡಿ, ಬೇಕು ಅನಿಸಿದರೆ ಹಾಕೋಣ ಅಂತ. ಬೇಕು ಅನಿಸಿತು. ಆರ್ಮ್ ಬಿಚ್ಚಿ, ಹೈಡ್ರಾಲಿಕ್ ಪ್ರೆಸ್ಸಿನಲ್ಲಿ ಹಳೇ ಬುಷ್ ಒತ್ತಿ ತೆಗೆದು, ಹೊಸದನ್ನು ಗುರುತು ನೋಡಿ ಕೂರಿಸಿದರು. ಗುರುತು ಉಲ್ಟಾ ಆದರೆ ಇದ್ದ ಕ್ಯಾಸ್ಟರೂ ಹೋಗುತ್ತದೆ, ಅದಕ್ಕೇ ಪ್ರತಿಯೊಂದಕ್ಕೂ ಇಬ್ಬರು ನೋಡುತ್ತಿದ್ದರು. ಆಮೇಲೆ ಅಲೈನ್‌ಮೆಂಟ್, ನಾಲ್ಕೂ ಚಕ್ರದ ಬ್ಯಾಲೆನ್ಸಿಂಗ್. ಸ್ಟಿಯರಿಂಗಿಗೆ ಮತ್ತೆ ತೂಕ ಬಂತು. ಮೊದಲಿನಷ್ಟೇ ಅಂತ ಹೇಳಲಾರೆ, ಅದರ ಹತ್ತಿರ. ಗಾಡಿಯ ಭಾರದ ಕೇಂದ್ರ ಮೇಲೆ ಹೋದದ್ದರಿಂದ ಶಿರಾಡಿ ಘಾಟಿಯ ತಿರುವುಗಳಲ್ಲಿ ಗಾಡಿ ಸ್ವಲ್ಪ ಜಾಸ್ತಿ ವಾಲುತ್ತದೆ. ಅದಕ್ಕೆ ಬುಷ್ ಇಲ್ಲ, ವೇಗ ಇಳಿಸಬೇಕು ಅಷ್ಟೇ.

ಹೆಡ್‌ಲೈಟನ್ನೂ ತಗ್ಗಿಸಿ ಹೊಂದಿಸಿಕೊಂಡೆ.

ಕಾನೂನಿನ ಮಾತೂ ಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಆರ್‌ಸಿಯಲ್ಲಿರುವ ವಿವರ ತಯಾರಕರು ಮೂಲದಲ್ಲಿ ಕೊಟ್ಟದ್ದಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಾಯಿಸಬಾರದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ ಮಾಲೀಕರಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಅಂತ ಸೇರಿತು. ಆರ್‌ಸಿಯಲ್ಲಿ ಸಸ್ಪೆನ್ಷನ್ ಎತ್ತರ ಬರೆದಿರುವುದಿಲ್ಲ, ಅದು ಬೇರೆ ಮಾತು. ಅದನ್ನು ನಂಬಿಕೊಂಡು ಧೈರ್ಯ ಮಾಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ನಾನಂತೂ ವಿಮೆಯವರಿಗೆ ಲಿಖಿತವಾಗಿ ತಿಳಿಸಿದ್ದೇನೆ. ಸಸ್ಪೆನ್ಷನ್ ಭಾಗಗಳ ವಾರಂಟಿ ಹೋಯಿತು ಅಂತಲೇ ಲೆಕ್ಕ ಹಾಕಿಕೊಂಡಿದ್ದೇನೆ.

ಮಳೆಗಾಲದಲ್ಲಿ ನೋಡಿದ್ದು ಇದು. ಅಡ್ಡ ದಿಬ್ಬಗಳ ಮೇಲೆ ಹೊಟ್ಟೆ ಉಜ್ಜುವುದು ಹೆಚ್ಚೂಕಡಿಮೆ ನಿಂತಿದೆ. ಒಂದೇ ಒಂದು ದಿಬ್ಬ ಈಗಲೂ ತಾಗುತ್ತದೆ, ಅದನ್ನು ಗುದ್ದಲಿಯಲ್ಲಿ ಸ್ವಲ್ಪ ಕೆರೆದುಬಿಟ್ಟೆವು. ಆದರೆ ಟ್ರ್ಯಾಕ್ಟರ್ ಜಾಡಿನ ನಡುವಿನ ದಿಣ್ಣೆ ಇದೆಯಲ್ಲ, ಮಳೆ ಜೋರಾಗಿ ಜಾಡು ಆಳವಾದ ಮೇಲೆ ಅಲ್ಲಿ ಡಿಫರೆನ್ಷಿಯಲ್ ಗುಂಡು ಮಣ್ಣನ್ನು ನೇಗಿಲಿನ ಹಾಗೆ ಸೀಳಿಕೊಂಡೇ ಹೋಗುತ್ತದೆ. ಬಳೆ ಅದಕ್ಕೆ ಏನೂ ಮಾಡಲಿಲ್ಲ, ಮಾಡುವುದೂ ಇಲ್ಲ. ಅಂಥ ಕಡೆ ಒಂದು ಚಕ್ರ ಜಾಡಿನಲ್ಲಿ, ಇನ್ನೊಂದು ದಿಣ್ಣೆಯ ಮೇಲೆ ಇಟ್ಟು ಓಡಿಸುತ್ತೇನೆ.

ಟೈರ್ ಲೆಕ್ಕವೂ ಹಾಕಿ ನೋಡಿದ್ದೇನೆ. ಕಂಪನಿಯ 195/80 ಆರ್15ರ ವ್ಯಾಸ 693 ಎಂಎಂ. 215/75 ಹಾಕಿದರೆ 703, ಅಂದರೆ ಆಕ್ಸಲ್ ಮೇಲೇರುವುದು ಬರೀ ಐದು ಎಂಎಂ. 235/75 ಹಾಕಿದರೆ 733, ಆಕ್ಸಲ್ 20 ಎಂಎಂ ಮೇಲೆ. ಆದರೆ ಸ್ಪೀಡೋಮೀಟರ್ 60 ತೋರಿಸುವಾಗ ಗಾಡಿ ಮೊದಲಿಗಿಂತ ಮೂರೂವರೆ ಕಿಲೋಮೀಟರ್ ಜಾಸ್ತಿ ವೇಗದಲ್ಲಿರುತ್ತದೆ, ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಟೈರ್ ಎಲ್ಲಿ ಉಜ್ಜುತ್ತದೆ ಅಂತ ನೋಡಬೇಕು. 134 ನ್ಯೂಟನ್ ಮೀಟರ್ ಟಾರ್ಕ್ ಇರುವ ಎಂಜಿನ್‌ಗೆ ಅಷ್ಟು ತೂಕದ ಟೈರ್ ಹೊರೆಯೇ. ಈಗಿನ ಟೈರ್ ಸವೆಯುವವರೆಗೆ ಆ ಮಾತು ಎತ್ತುವುದಿಲ್ಲ.

ಮನೆಯಲ್ಲಿ ತಕರಾರು ಇರುವುದು ಅಮ್ಮನದು. ಮೊದಲ ದಿನವೇ ಬಾಗಿಲು ಹಿಡಿದು ನಿಂತು, "ಇದನ್ನ ಹತ್ತೋಕೆ ಏಣಿ ತರ್ತೀಯೋ, ನಾನು ಪಿಕಪ್ಪಲ್ಲೇ ಬರಲೋ?" ಅಂದರು. ಬಾಗಿಲ ಕೆಳಗೆ ಮೆಟ್ಟಿಲು ಹಾಕಿಸಿದರೆ ಗಳಿಸಿದ ನಾಲ್ಕು ಸೆಂಟಿಮೀಟರ್ ಅಲ್ಲೇ ಹೋಗುತ್ತದೆ, ದಿಬ್ಬಕ್ಕೆ ಮೊದಲು ತಾಗುವುದೇ ಅದು. ಸದ್ಯಕ್ಕೆ ಹಿಂದಿನ ಸೀಟಿನ ಅಡಿ ಒಂದು ಸಣ್ಣ ಮಣೆ ಇಟ್ಟುಕೊಂಡು ಓಡಾಡುತ್ತಿದ್ದೇವೆ.